ಮಾವನವರ ಎದೆಯ ಗೋಡೆ

ನಮ್ಮ ಮಾವನವರು ಚಾಮರಾಜನಗರದಲ್ಲಿ ಕಟ್ಟಡದ ಕಂಟ್ರಾಕ್ಟರಾಗಿದ್ದರು. ತಾಲ್ಲೂಕಿನ ಅರ್ಧದಷ್ಟು ಶಾಲೆಗಳ ಗೋಡೆ ಎಬ್ಬಿಸಿದ್ದು ತಾವೇ ಎಂದು ಹೇಳಿಕೊಳ್ಳುತ್ತಿದ್ದರು. ಅರ್ಧ ಎನ್ನುವುದು ಸ್ವಲ್ಪ ಹೆಚ್ಚಾಯಿತೇನೋ. ಆದರೆ ಅವರ ಜೊತೆ ಉಡಿಗಾಲದ ಕಡೆಗೋ ಹರದನಹಳ್ಳಿಯ ಕಡೆಗೋ ಬಸ್ಸಿನಲ್ಲಿ ಹೋದವರು ಅದನ್ನು ನಂಬದೆ ವಿಧಿಯಿರಲಿಲ್ಲ. ಕಿಟಕಿಯಾಚೆ ಒಂದು ಕಾಂಪೌಂಡು ಕಂಡರೆ ಸಾಕು, "ಇದು ನಮ್ದೆ ಕಣವ್ವ" ಅನ್ನುವರು. ನೆಂಟರ ಹೊಸ ಮನೆಗೆ ಹೋದರೆ ಮೊದಲು ಕಾಫಿ ಕುಡಿಯುತ್ತಿರಲಿಲ್ಲ. ನಡುಮನೆಯ ಗೋಡೆಗೆ ಅಂಗೈಯಿಂದ ಎರಡು ಸಲ ತಟ್ಟಿ, ಹೆಗಲು ಕೊಟ್ಟು ಒಮ್ಮೆ ನೂಕಿ, ಆಮೇಲೆಯೇ ಕೂರುವರು. ಗೋಡೆ ಅಲ್ಲಾಡದಿದ್ದರೆ ಆ ಮನೆಯವರ ಮೇಲೆ ಅವರಿಗೆ ಗೌರವ.

ಇಂಥವರಿಗೆ ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ಏದುಸಿರು ಶುರುವಾಯಿತು. ಗೋಡೆ ಕಟ್ಟಲು ನಿಲ್ಲಿಸುವ ಸಾರುವೆ ಹತ್ತುವುದಿರಲಿ, ಮನೆಯ ಮೆಟ್ಟಿಲು ಹತ್ತಿದರೂ ನಿಂತು ಉಸಿರು ಎಳೆದುಕೊಳ್ಳುವರು. ನನ್ನ ಯಜಮಾನರು ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಹೃದಯದ ಡಾಕ್ಟರಿಗೆ ತೋರಿಸಿದರು. ಎಕೋ ಮಾಡಿದರಂತೆ. ಎದೆಗೆ ಜೆಲ್ ಹಚ್ಚಿ, ಒಂದು ಕಡ್ಡಿಯಂಥದ್ದನ್ನು ಒತ್ತಿ ಹಿಡಿದು, ಟೀವಿಯಲ್ಲಿ ಗುಂಡಿಗೆಯನ್ನು ನೋಡುವ ಪರೀಕ್ಷೆ. ಅಲ್ಲಿ ನಡೆದ ಮಾತನ್ನು ಯಜಮಾನರು ಮನೆಗೆ ಬಂದು ನನಗೆ ಹೇಳಿದ್ದು ಹೀಗೆ.

ಡಾಕ್ಟರು ಅಂದರಂತೆ: "ಯಜಮಾನ್ರೇ, ಗುಂಡಿಗೆಯ ಎಡಭಾಗದಲ್ಲಿ ಒಂದು ಕಡೆ ಗೋಡೆ ಸರಿಯಾಗಿ ಅಲ್ಲಾಡ್ತಾ ಇಲ್ಲ."

"ಏನೇನೂ ಅಲ್ಲಾಡ್ತಿಲ್ವಾ?" ಎಂದು ಮಾವ ಕೇಳಿದರಂತೆ.

"ತುಂಬಾ ಕಮ್ಮಿ."

ಮಾವ ಮಗನ ಕಡೆಗೆ ತಿರುಗಿ, "ಕೇಳ್ದೇನ್ಲಾ?" ಎಂದರಂತೆ. ಅವರ ಮುಖದಲ್ಲಿ ಆಗ ಕಂಡ ಹೆಮ್ಮೆಯನ್ನು ತಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ ಎಂದು ನಮ್ಮವರು ಹೇಳಿದರು. ಡಾಕ್ಟರು ಆಮೇಲೆ ಹೇಳಿದ ಮಾತ್ರೆಯ ವಿಷಯ, ಯಾವಾಗಲೋ ಗೊತ್ತಾಗದಂತೆ ಸಣ್ಣದೊಂದು ಹೃದಯಾಘಾತ ಆಗಿಹೋಗಿದೆ ಎಂಬ ವಿಷಯ, ಮತ್ತೆ ಬಂದು ತೋರಿಸಬೇಕು ಎಂಬ ವಿಷಯ, ಯಾವುದೂ ಅವರ ಕಿವಿಗೆ ಬೀಳಲಿಲ್ಲ. ದಾರಿಯಲ್ಲಿ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸಿಹಿ ಕಟ್ಟಿಸಿಕೊಂಡರಂತೆ.

ವಾರದೊಳಗೆ ಊರಿಗೆಲ್ಲ ಸುದ್ದಿಯಾಯಿತು. ಕ್ಷೌರದ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಸಿಮೆಂಟ್ ಅಂಗಡಿಯ ಮುಂದೆ, ಎಲ್ಲ ಕಡೆಯೂ ಅದೇ ಮಾತು. "ಮೈಸೂರ್ನಲ್ಲಿ ಮಿಷನ್ ಮಡಗಿ ನೋಡುದ್ರು ಕಣ್ಲಾ. ಒಂದ್ ಕಡೆ ಗ್ವಾಡೆ ಅಲ್ಲಾಡಾಕೇ ಇಲ್ವಂತೆ. ಈ ವಯಸ್ನಲ್ಲಿ!" ಕೇಳಿದವರೆಲ್ಲ ತಲೆದೂಗಿದರು. ಹರದನಹಳ್ಳಿಯಲ್ಲಿ ಅವರಿಗೊಬ್ಬ ಗೆಳೆಯರಿದ್ದರು, ಬಾಳೆ ಮಂಡಿಯವರು. ಚಿಕ್ಕಂದಿನಿಂದಲೂ ಇಬ್ಬರಿಗೂ ಎಲ್ಲದರಲ್ಲೂ ಪೈಪೋಟಿ. ಅವರು ಒಂದು ದಿನ ನಮ್ಮ ಮನೆಗೇ ಬಂದು, "ಆ ಡಾಕ್ಟ್ರು ಇರಾದು ಎಲ್ಲಿ? ನಾನೂವೆ ಒಂದಪ ನೋಡುಸ್ಕಬೇಕು" ಎಂದು ವಿಳಾಸ ಬರೆಸಿಕೊಂಡು ಹೋದರು.

ತಮಾಷೆ ಇಲ್ಲಿಗೇ ನಿಂತಿದ್ದರೆ ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಮಾವ ಮಾತ್ರೆ ನುಂಗುವುದಿಲ್ಲ ಎಂದುಬಿಟ್ಟರು.

"ಬಿರುಕು ಬುಟ್ಟಿರೋ ಗ್ವಾಡೆಗೆ ಪ್ಲಾಸ್ಟರ್ ಹೊಡೀತರೆ. ಗಟ್ಟಿಯಾಗಿರೋದುಕ್ಕೆ ಯಾಕ್ಲಾ ಮಾತ್ರೆ?" ಎಂದು ಮಗನನ್ನೇ ಕೇಳಿದರು. ಅತ್ತೆ ಊಟವಾದ ಮೇಲೆ ಮಾತ್ರೆಯನ್ನೂ ನೀರಿನ ಲೋಟವನ್ನೂ ಹಿಡಿದು ಎದುರಿಗೆ ನಿಲ್ಲುವರು. ಮಾವ ಬಾಯಿಗೆ ಹಾಕಿಕೊಂಡು, ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ದಾಸವಾಳದ ಬುಡಕ್ಕೆ ಉಗುಳುವರು. ಇದು ಗೊತ್ತಾದದ್ದು ಅತ್ತೆ ಗಿಡದ ಕಳೆ ಕೀಳುವಾಗ. ಸೆರಗಿನಲ್ಲಿ ಮಾತ್ರೆಗಳನ್ನು ಆಯ್ದುಕೊಂಡು ಬಂದು ನನ್ನ ಮುಂದೆ ಸುರಿದು, "ನೋಡವ್ವ, ಈ ವರ್ಸ ದಾಸವಾಳ ಯಾಕ್ ಇಂಗ್ ಹೂ ಬುಟ್ಟಿತ್ತು ಅಂತಿದ್ದೆ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾವಿಬ್ಬರೂ ನಕ್ಕೆವು. ಆಮೇಲೆ ಅತ್ತೆ ಕಣ್ಣೊರೆಸಿಕೊಂಡದ್ದು ನಗುವಿನ ನೀರೇ ಎಂದು ನಾನು ಹೇಳಲಾರೆ.

ಕೆಲಸ ನನ್ನ ತಲೆಗೆ ಬಂತು. ನಾನು ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ದಿನಾ ತೆರಕಣಾಂಬಿಯ ಮೇಲೆ ಬಸ್ಸಿನಲ್ಲಿ ಹೋಗಿ ಬರುವುದು. "ನೀನು ಇದನ್ನೇ ಅಲ್ವಾ ಓದಿರೋದು? ನೀನೇ ಅಪ್ಪನಿಗೆ ತಿಳಿಸಿ ಹೇಳು" ಎಂದು ನಮ್ಮವರು ಕೈ ತೊಳೆದುಕೊಂಡರು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ನಾನು ಶುರುಮಾಡಿದೆ.

"ಮಾವ, ಮನೆ ಗೋಡೆ ಬೇರೆ, ಗುಂಡಿಗೆ ಗೋಡೆ ಬೇರೆ. ಗುಂಡಿಗೇದು ಬರೀ ಮಾಂಸ. ಅದು ಅಲ್ಲಾಡ್ಬೇಕು. ಕುಗ್ಗಿದ್ರೇನೇ ಒಳಗಿರೋ ರಕ್ತ ಮೈಗೆಲ್ಲ ಹೋಗೋದು."

ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಸರಿ ಕಣವ್ವ. ಅದ್ರಲ್ಲಿ ಇಟ್ಗೆ ಯಾವ್ ಕಡಿಕೆ ಜೋಡ್ಸವ್ರೆ?"

"ಇಟ್ಟಿಗೆ ಅಲ್ಲ ಮಾವ. ಎಳೆ. ಮಾಂಸದ ಎಳೆ."

"ಎಳೆ ಅಂತನೆ ಇಟ್ಕೊ. ಉದ್ದುಕ್ಕವ, ಅಡ್ಡಕ್ಕವ?"

ಇಷ್ಟು ವರ್ಷ ಪಾಠ ಮಾಡಿದ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಸುತ್ತಲೂ ಇವೆ ಮಾವ, ಬಳೆ ತೊಡಿಸಿದ ಹಾಗೆ" ಎಂದುಬಿಟ್ಟೆ.

ಮಾವ ತಟ್ಟೆಯಿಂದ ಅರ್ಧ ಮುದ್ದೆ ಎತ್ತಿ, ಅಂಗೈಯಲ್ಲಿ ಹಿಡಿದು, ಅದರ ನಡುವನ್ನು ಬೆರಳುಗಳಿಂದ ಸುತ್ತಿ ಒತ್ತಿದರು. ಮುದ್ದೆ ಮೇಲಕ್ಕೂ ಕೆಳಕ್ಕೂ ಉಬ್ಬಿತು. "ನೋಡ್ದಾ? ನಡ ಹಿಡುದ್ರೆ ಉದ್ದಕ್ಕೆ ಬೆಳೀತದೆ. ಒಳಗಿರಾದು ಹೊರುಕ್ಕೆ ಎಲ್ಲಿ ಓಯ್ತು?"

"ಹಾಗಾದ್ರೆ ಉದ್ದಕ್ಕೂ ಇರಬಹುದು."

ಅವರು ಮುದ್ದೆಯನ್ನು ಮೇಲಿಂದ ಅದುಮಿದರು. ಅದು ರೊಟ್ಟಿಯಂತಾಗಿ ಅಗಲವಾಯಿತು. "ಇವಾಗ? ಗಿಡ್ಡ ಆಯ್ತು, ಡುಬ್ಬ ಆಯ್ತು. ಆ ಎಳೆ ಒಂದ್ ಸಲುಕ್ಕೆ ಎಷ್ಟು ಕುಗ್ತದೆ?"

"ಸ್ವಲ್ಪವೇ ಮಾವ."

"ರಕ್ತ ಎಷ್ಟು ಓಯ್ತದೆ?"

"ಒಳಗೆ ತುಂಬಿರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ."

"ತಾಳೆ ಆಗಾಕಿಲ್ಲ" ಎಂದು ಮಾವ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರು. "ನಿಮ್ ಇಂಜಿನಿಯರ್ ಸರಿ ಇಲ್ಲ ಕಣವ್ವ. ನಂದು ಗಟ್ಟಿಯಾಗದೆ, ಬುಟ್ಬುಡು."

ನಾನು ಒಳಗೆ ಹೋಗಿ ಪಠ್ಯಪುಸ್ತಕ ತೆಗೆದು ನೋಡಿದೆ. ನಾಲ್ಕು ಕೋಣೆ, ಕವಾಟಗಳು, ಕೆಂಪು ಬಣ್ಣ, ನೀಲಿ ಬಣ್ಣ, ಬಾಣದ ಗುರುತುಗಳು. ಗೋಡೆ ಇರಬೇಕಾದ ಕಡೆ ದಪ್ಪನೆಯದೊಂದು ಗೆರೆ. ಆ ಗೆರೆಯೊಳಗೆ ಏನಿದೆ ಎಂದು ಬರೆದವರೂ ಹೇಳಿರಲಿಲ್ಲ, ಓದಿದ ನಾನೂ ಕೇಳಿರಲಿಲ್ಲ.

ಮೈಸೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಶರೀರರಚನೆ ಪಾಠ ಮಾಡುವ ನನ್ನ ಗೆಳತಿ ಇದ್ದಳು. ಮಾರನೆಯ ದಿನ ಕಾಲೇಜು ಮುಗಿಸಿಕೊಂಡು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋದೆ. ಅದು ಬೇಕರಿಯೂ ಹೌದು, ಬೂತೂ ಹೌದು. ಸುಲ್ತಾನ್ ಬತ್ತೇರಿ ಕಡೆಯಿಂದ ಬಂದು ನೆಲೆಸಿದ್ದ ಮಲಯಾಳಿಯೊಬ್ಬರು ನಡೆಸುತ್ತಿದ್ದರು. ಬೂತಿನ ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಲೈನು ಕರಕರ ಅನ್ನುತ್ತಿತ್ತು. ಹೊರಗೆ ಊಟಿ ರಸ್ತೆಯ ಲಾರಿಗಳ ಹಾರ್ನು. ಹೀಗಾಗಿ ನಾನು ಕಿರುಚಲೇಬೇಕಾಯಿತು.

"ಏನಂದೆ? ಬೇಯಿಸ್ಬೇಕಾ? ಗುಂಡಿಗೇನಾ?"

ಬನ್ನು ತಿನ್ನುತ್ತಿದ್ದ ಇಬ್ಬರು ನನ್ನ ಕಡೆಗೆ ತಿರುಗಿದರು.

"ಕುರೀದು ಸಾಕಾ? ... ಎಷ್ಟು ಹೊತ್ತು? ... ಚೆನ್ನಾಗಿ ಬೆಂದ ಮೇಲೆ ಸುಲೀಬೇಕಾ? ಸಿಪ್ಪೆ ಥರ ಬರುತ್ತಾ?"

ಗೆಳತಿ ಆ ಕಡೆಯಿಂದ ವಿವರಿಸಿದ್ದು ಇಷ್ಟು: ಹಸಿ ಗುಂಡಿಗೆಯಲ್ಲಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಏನೂ ಕಾಣುವುದಿಲ್ಲ. ಬೇಯಿಸಿದರೆ ಅಂಟು ಬಿಡುತ್ತದೆ. ಆಗ ಪದರ ಪದರವಾಗಿ ಎಳೆಯುತ್ತ ಹೋದರೆ ಎಳೆಗಳು ಯಾವ ದಿಕ್ಕಿಗೆ ಹೋಗಿವೆ ಎಂಬುದು ಕಣ್ಣಿಗೇ ಕಾಣುತ್ತದೆ. "ನಾನು ಹೇಳಲ್ಲ, ನೀನೇ ಮಾಡಿ ನೋಡು, ಒದ್ದೆ ಪಂಚೆ ಹಿಂಡೋದು ನೆನಪಿಟ್ಕೋ" ಎಂದು ನಗುತ್ತ ಫೋನ್ ಇಟ್ಟಳು.

ನಾನು ಹೊರಗೆ ಬಂದಾಗ ಬೂತಿನವರು ಚಿಲ್ಲರೆ ಎಣಿಸದೆ ನನ್ನನ್ನೇ ನೋಡುತ್ತಿದ್ದರು. "ಟೀಚರೇ," ಎಂದರು ಬಹಳ ಕಾಳಜಿಯಿಂದ, "ಹಾರ್ಟು ಬೇಯ್ಸಿದ್ರೆ ರಬ್ಬರ್ ಆಗ್ತದೆ. ಕುರುಮುಳಗ್ ಹಾಕಿ ಫ್ರೈ ಮಾಡ್ಬೇಕು." ನಾನು ನೊಸಲಿಗೆ ವಿಭೂತಿ ಇಟ್ಟುಕೊಂಡೇ ಕಾಲೇಜಿಗೆ ಹೋಗುವವಳು. ಬನ್ನು ತಿನ್ನುತ್ತಿದ್ದವರ ಕಣ್ಣು ನನ್ನ ಮುಖದಿಂದ ಹಣೆಗೆ ಏರಿ ಅಲ್ಲೇ ನಿಂತಿತ್ತು. ಕುರುಮುಳಗ್ ಅಂದರೆ ಮೆಣಸು ಎಂದು ಮಾತ್ರ ಅರ್ಥಮಾಡಿಕೊಂಡು, ಥ್ಯಾಂಕ್ಸ್ ಹೇಳಿ ಬಸ್ ಹಿಡಿದೆ.

ಮಾವನನ್ನು ಗುಂಡ್ಲುಪೇಟೆಗೆ ಕರೆತರುವುದು ಹೇಗೆ? ಮನೆಯಲ್ಲಂತೂ ಕುರಿಯ ಗುಂಡಿಗೆ ಬೇಯಿಸುವ ಹಾಗಿಲ್ಲ. ಬೇಯಿಸಿದರೆ ನನ್ನನ್ನೂ ಪಾತ್ರೆಯನ್ನೂ ಒಟ್ಟಿಗೆ ಹೊರಗೆ ಹಾಕುವ ಮನೆ ಅದು. ಆದರೆ ಒಂದು ಅನುಕೂಲವಿತ್ತು. ನಮ್ಮ ಕಾಲೇಜಿನ ಪ್ರಯೋಗಾಲಯದ ಕಟ್ಟಡ ಕಟ್ಟಿಸಿದ್ದು ಇದೇ ಮಾವ. "ಮಾವ, ನಮ್ಮ ಲ್ಯಾಬಿನ ಗೋಡೆಗೆ ತೇವ ಹಿಡೀತಾ ಇದೆ" ಎಂದೆ. ಅದು ಸುಳ್ಳೇನಲ್ಲ, ಕಿಟಕಿಯ ಕೆಳಗೆ ಒಂದು ಅಂಗೈಯಗಲ ಹಿಡಿದಿತ್ತು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ನಾನ್ ಕಟ್ಟಿರೋ ಗ್ವಾಡೆಗಾ?" ಹಂಗಳದಲ್ಲಿ ಅತ್ತೆಯ ತಂಗಿಯ ಮನೆ. ಹೇಗೂ ಗುಂಡ್ಲುಪೇಟೆಗೆ ಹೋಗುವುದಾದರೆ ಹಾಗೇ ಹಂಗಳಕ್ಕೂ ಹೋಗಿ ಬರೋಣ ಎಂದು ಅತ್ತೆಯೂ ಹೊರಟರು. ಶನಿವಾರ ಎಂದು ನಿಗದಿಯಾಯಿತು.

ಗುಂಡಿಗೆ ತರುವ ಕೆಲಸವನ್ನು ಕಾಲೇಜಿನ ಅಟೆಂಡರಿಗೆ ಒಪ್ಪಿಸಿದೆ. ಪ್ರಿನ್ಸಿಪಾಲರ ಅನುಮತಿಯನ್ನೂ ಕೇಳಿದೆ. ಅವರ ಕಿವಿಗೆ ಬೇಕರಿಯ ಸುದ್ದಿ ಆಗಲೇ ಬಿದ್ದಿತ್ತೆಂದು ಕಾಣುತ್ತದೆ. "ನೋಡೋದಕ್ಕೆ ಮಾತ್ರ ತಾನೇ ಮೇಡಂ?" ಎಂದು ಎರಡು ಸಲ ಕೇಳಿ ಒಪ್ಪಿದರು. ಶನಿವಾರ ಬೆಳಿಗ್ಗೆ ಅಟೆಂಡರು ಎರಡು ಪೊಟ್ಟಣ ಹಿಡಿದು ಬಂದರು.

"ಗುಂಡುಗೆ ಒಂದ್ನೇ ಕೊಡಾಕಿಲ್ಲ ಅಂದ್ಬುಟ್ಟ ಮೇಡಮ್ನೋರೆ. ಲಿವರ್ನೂವೆ ತಕಬೇಕಂತೆ. ಅದು ನಿಮ್ಗೆ ಬ್ಯಾಡ ಅಲ್ವರಾ?"

ಬೇಡ ಎಂದೆ. ಲಿವರು ಅವರ ಸೈಕಲ್ಲಿನ ಚೀಲಕ್ಕೆ ಹೋಯಿತು. ಗುಂಡಿಗೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಸ್ಟೌವಿನ ಮೇಲೆ ಕೂತಿತು. ಮಧ್ಯಾಹ್ನ ತರಗತಿ ಮುಗಿದು ಮಕ್ಕಳೆಲ್ಲ ಹೋಗುವವರೆಗೂ ಅದು ಕುದಿಯುತ್ತಲೇ ಇತ್ತು.

ಮಾವ ಬಂದವರೇ ನೇರವಾಗಿ ಕಿಟಕಿಯ ಕೆಳಗಿನ ತೇವ ನೋಡಿದರು, ಉಗುರಿನಿಂದ ಕೆರೆದರು, ಹೊರಗೆ ಹೋಗಿ ಮೇಲಿನ ಪೈಪು ನೋಡಿದರು. "ಗ್ವಾಡೆ ತಪ್ಪಲ್ಲ, ಪೈಪ್ ತಪ್ಪು" ಎಂದು ಪ್ರಿನ್ಸಿಪಾಲರಿಗೆ ತೀರ್ಪು ಕೊಟ್ಟು, ಅವರನ್ನು ಸಾಗಹಾಕಿ ಒಳಗೆ ಬಂದರು. ಆಮೇಲೆಯೇ ಅವರ ಮೂಗಿಗೆ ಅದು ತಾಗಿದ್ದು.

"ಏನವ್ವ ಇದು ವಾಸ್ನೆ?"

"ಕುರಿ ಗುಂಡಿಗೆ ಮಾವ. ಬೇಯಿಸಿಟ್ಟಿದ್ದೀನಿ."

ಮಾವ ಒಂದೇ ನೆಗೆತಕ್ಕೆ ಹೊಸಿಲಿನಾಚೆ ಇದ್ದರು. ಏದುಸಿರಿನ ಮನುಷ್ಯ ಅಷ್ಟು ಬೇಗ ಚಲಿಸಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲು ಮೂಗಿಗೆ ಬಂತು. ಜಗಲಿಯ ಕಲ್ಲುಬೆಂಚಿನ ಮೇಲೆ ಕೂತಿದ್ದ ಅತ್ತೆ, "ಶಿವಶಿವಾ, ಪಾಠ ಮಾಡಾಳು ಅಂದ್ಕಂಡಿದ್ರೆ ಅಡ್ಗೆ ಮಾಡ್ತ ಅವ್ಳೆ" ಎಂದರು.

"ಮಾವ, ನೀವು ಎಳೆ ಯಾವ ಕಡೆಗಿವೆ ಅಂತ ಕೇಳಿದ್ರಲ್ಲ. ನಂಗೂ ಗೊತ್ತಿಲ್ಲ. ನಾನು ಸುಲೀತೀನಿ, ನೀವು ಅಲ್ಲಿಂದಲೇ ನೋಡಿ."

ಅವರು ಹೋಗಲಿಲ್ಲ. ನಾನು ಕೈಗವಸು ತೊಟ್ಟು ಗುಂಡಿಗೆಯನ್ನು ತಟ್ಟೆಗೆ ತೆಗೆದೆ. ಕೊಬ್ಬು, ಮೇಲಿನ ತೆಳುಪೊರೆ ಎಲ್ಲ ಬಿಡಿಸಿದೆ. ಬಲಗಡೆಯ ತೆಳ್ಳನೆಯ ಕೋಣೆಯನ್ನು ಕತ್ತರಿಸಿ ಬದಿಗಿಟ್ಟೆ. ಉಳಿದದ್ದು ಎಡಗಡೆಯದು, ಬುಗುರಿಯಂಥ ಗಟ್ಟಿ ಮಾಂಸ. ಅದರ ಮೈಮೇಲೆ ಎಳೆಗಳು ಸ್ಪಷ್ಟವಾಗಿ ಕಂಡವು. ನಾನು ಹೇಳಿದಂತೆ ಬಳೆಯ ಹಾಗೆ ಅಡ್ಡಕ್ಕಿರಲಿಲ್ಲ. ಉದ್ದಕ್ಕೂ ಇರಲಿಲ್ಲ. ಮೇಲಿನಿಂದ ತುದಿಯ ಕಡೆಗೆ ಓರೆಯಾಗಿ ಸುತ್ತಿಕೊಂಡು ಇಳಿದಿದ್ದವು. ತುದಿಯಲ್ಲಿ ಎಲ್ಲ ಒಟ್ಟುಗೂಡಿ, ಮಕ್ಕಳ ನೆತ್ತಿಯ ಕೂದಲಿನ ಹಾಗೆ ಸುಳಿ ಹಾಕಿದ್ದವು.

"ಮಾವ, ಸುಳಿ ಇದೆ ಇಲ್ಲಿ!"

"ಸುಳಿಯಾ?" ಮಾವನ ಒಂದು ಕಾಲು ಒಳಗೆ ಬಂತು. ದನ ಕೊಳ್ಳುವಾಗ ಸುಳಿ ನೋಡದೆ ಕಾಸು ಬಿಚ್ಚದ ಮನುಷ್ಯ. "ಎಲ್ಲಿ, ತಟ್ಟೆ ಇಂಗ್ ತಿರುಗ್ಸು."

"ಮುಟ್ಬ್ಯಾಡಿ" ಎಂದರು ಅತ್ತೆ ಹೊರಗಿನಿಂದ.

"ಮುಟ್ಟಾಕಿಲ್ಲ ಕಣಮ್ಮಿ. ನೋಡುದ್ರೇನು, ಕಣ್ಗೇನ್ ಮೈಲ್ಗೆಯಾ?"

ನಾನು ಮೊದಲ ಪದರ ಹಿಡಿದು ಎಳೆದೆ. ಬಾಳೆಯ ನಾರು ಬಂದ ಹಾಗೆ ಓರೆಯಾಗಿ ಪಟ್ಟಿ ಕಿತ್ತು ಬಂತು. ಅದರ ಕೆಳಗಿನ ಪದರದ ಓರೆ ಸ್ವಲ್ಪ ಕಮ್ಮಿ. ಇನ್ನೂ ಒಳಗೆ ಹೋದಂತೆ ಎಳೆಗಳು ಮಲಗುತ್ತ ಮಲಗುತ್ತ ಗೋಡೆಯ ನಡುಮಧ್ಯದಲ್ಲಿ ಪೂರ್ತಿ ಅಡ್ಡವಾದವು. ಅಲ್ಲಿ ಮಾತ್ರ ನನ್ನ ಬಳೆಯ ಮಾತು ನಿಜ. ಅಲ್ಲಿಂದಲೂ ಒಳಕ್ಕೆ ಎಳೆದೆ. ಈಗ ಎಳೆಗಳು ಮತ್ತೆ ಓರೆಯಾದವು, ಆದರೆ ಎದುರು ದಿಕ್ಕಿಗೆ. ಹೊರಗಿನವು ಈ ಕಡೆ ವಾಲಿದ್ದರೆ ಒಳಗಿನವು ಆ ಕಡೆ. ನಾನು ಕೆಲಸ ನಿಲ್ಲಿಸಿ ಅದನ್ನೇ ನೋಡುತ್ತ ನಿಂತುಬಿಟ್ಟೆ. ತಲೆಯೆತ್ತಿದರೆ ಮಾವ ನನ್ನ ಪಕ್ಕದಲ್ಲೇ ಇದ್ದರು. ಟವೆಲ್ಲು ಯಾವಾಗಲೋ ಮೂಗಿನಿಂದ ಹೆಗಲಿಗೆ ಮರಳಿತ್ತು.

"ಒಳಗೊಂದ್ ಕಡೀಕೆ, ಹೊರಗೊಂದ್ ಕಡೀಕೆ," ಎಂದರು ಮೆಲ್ಲಗೆ. "ಇಂಗ್ಯಾಕ್ ಕಟ್ಟುದ್ರು?"

ಗೆಳತಿ ಹೇಳಿದ್ದ ಒದ್ದೆ ಪಂಚೆ ಆಗ ನೆನಪಾಯಿತು. "ಮಾವ, ನಿಮ್ಮ ಟವೆಲ್ ನಲ್ಲಿ ಕೆಳಗೆ ನೆನೆಸಿ ತನ್ನಿ" ಎಂದೆ. ಕೈಗವಸಿನಲ್ಲಿ ಮಾಂಸ ಮುಟ್ಟಿದ್ದ ನಾನು ಹಿಂಡುವ ಹಾಗಿರಲಿಲ್ಲ. "ಅತ್ತೆ, ಒಂದು ತುದಿ ನೀವು ಹಿಡೀರಿ. ಇನ್ನೊಂದು ಮಾವ ಹಿಡೀಲಿ. ಜಗಲೀಲೇ ಹಿಂಡಿ, ನೀರು ನೋಡ್ಬೇಕು."

ಮಾವ ತಮ್ಮ ಜೀವಮಾನದಲ್ಲಿ ಬಟ್ಟೆ ಹಿಂಡಿದವರಲ್ಲ. ಅತ್ತೆ ಎದುರು ನಿಂತು ತಮ್ಮ ತುದಿಯನ್ನು ತಿರುಗಿಸತೊಡಗಿದರು. ಮಾವ ಅತ್ತೆಯ ಕೈಯನ್ನೇ ಗಮನವಿಟ್ಟು ನೋಡಿ, ಅದು ಹೇಗೆ ಕಾಣುತ್ತಿತ್ತೋ ಹಾಗೇ ತಾವೂ ತಿರುಗಿಸಿದರು. ಟವೆಲ್ಲು ಇಬ್ಬರ ನಡುವೆ ಹಗ್ಗದಾಟದ ಹಗ್ಗದಂತೆ ಸುಮ್ಮನೆ ಉರುಳಿತು. ಒಂದು ಹನಿ ನೀರೂ ಬೀಳಲಿಲ್ಲ.

"ನಾ ತಿರುಗ್ಸೊ ಕಡೀಕೇ ನೀವೂ ತಿರುಗ್ಸುದ್ರೆ ನೀರ್ ಎಂಗ್ ಬಂದದು?" ಎಂದರು ಅತ್ತೆ.

"ನೀನ್ ಮಾಡ್ದಂಗೆ ಮಾಡ್ತ ಇವ್ನಿ, ಅದೂ ತಪ್ಪಾ?"

"ಮದ್ವೆ ಆದಾಗಿಂದ ಒಂದಪನಾರ ನಾ ಹೇಳ್ದಂಗೆ ಕೇಳುದ್ರಾ? ಇವತ್ತೇ ಕೇಳ್ಬೇಕಾಗಿತ್ತಾ? ಎದ್ರು ಕಡೀಕೆ ತಿರುಗ್ಸಿ!"

ಮಾವ ಎದುರು ದಿಕ್ಕಿಗೆ ತಿರುಗಿಸಿದರು. ಟವೆಲ್ಲು ಹುರಿಗೊಂಡು, ಗಿಡ್ಡವಾಗಿ, ನೀರು ಧಾರಾಕಾರವಾಗಿ ಸುರಿದು ಇಬ್ಬರ ಕಾಲೂ ನೆನೆಯಿತು. ಬಾಗಿಲಲ್ಲಿ ನಿಂತಿದ್ದ ಅಟೆಂಡರು ಚಪ್ಪಾಳೆ ತಟ್ಟಿಯೇಬಿಟ್ಟರು.

"ಇದೇ ಮಾವ," ಎಂದೆ. ಈಗ ನನಗೇ ಅರ್ಥವಾಗುತ್ತ ಬಂದಿದ್ದರಿಂದ ಮಾತು ಸರಾಗವಾಗಿ ಬಂತು. "ಗುಂಡಿಗೆ ಬರೀ ಅದುಮಿಕೊಳ್ಳೋದಿಲ್ಲ. ಹಿಂಡಿಕೊಳ್ಳುತ್ತೆ. ಮೇಲಿನ ಬುಡ ಒಂದು ಕಡೆ ತಿರುಗುತ್ತೆ, ಕೆಳಗಿನ ತುದಿ ಇನ್ನೊಂದು ಕಡೆ. ನಡುವಿನ ಅಡ್ಡ ಎಳೆಗಳು ಸೊಂಟ ಬಿಗಿಯುತ್ತವೆ, ಓರೆ ಎಳೆಗಳು ಉದ್ದಕ್ಕೆ ಬೆಳೆಯೋಕೆ ಬಿಡದೆ ಎಳೆದು ಹಿಡಿಯುತ್ತವೆ. ಮೇಲಕ್ಕೂ ಹೋಗೋ ಹಾಗಿಲ್ಲ, ಪಕ್ಕಕ್ಕೂ ಹೋಗೋ ಹಾಗಿಲ್ಲ. ಆಗ ಮಾಂಸ ಎಲ್ಲಿಗೆ ಹೋಗ್ಬೇಕು? ಒಳಕ್ಕೇ ದಪ್ಪ ಆಗ್ಬೇಕು. ಅದಕ್ಕೇ ಎಳೆ ಸ್ವಲ್ಪ ಕುಗ್ಗಿದ್ರೂ ಗೋಡೆ ಬಹಳ ದಪ್ಪ ಆಗೋದು."

ಮಾವ ಒದ್ದೆ ಟವೆಲ್ಲು ಕೈಯಲ್ಲಿ ಹಿಡಿದು ಯೋಚಿಸಿದರು. "ಒಳಗಡೆ ಪ್ಲಾಸ್ಟರ್ ದಪ್ಪ ಹೊಡುದ್ರೆ ರೂಮು ಚಿಕ್ದಾಯ್ತದೆ."

"ಅದೇ. ರೂಮು ಚಿಕ್ಕದಾದ್ರೆ ಒಳಗಿದ್ದೋರು ಹೊರಗೆ ಬರ್ಲೇಬೇಕಲ್ಲ."

"ತಾಳೆ ಆಯ್ತದೆ" ಎಂದರು. ಕಲ್ಲುಬೆಂಚಿನ ಮೇಲೆ ಕೂತರು. "ಅಂಗಾರೆ ನಂದು? ಒಂದ್ ಕಡೆ ಅಲ್ಲಾಡ್ತಿಲ್ಲ ಅಂದ್ರಲ್ಲ?"

ಇಷ್ಟು ದಿನ ನಾವೆಲ್ಲ ಹೇಳಲು ಹೆಣಗಿದ್ದನ್ನು ಈಗ ಅವರೇ ಕೇಳಿದ್ದರು. "ಆ ಕಡೆ ಎಳೆಗಳು ಸುಮ್ನೆ ಇವೆ ಮಾವ. ಉಳಿದವು ಅವುಗಳ ಪಾಲಿನ ಕೆಲಸಾನೂ ತಾವೇ ಎಳೀತಾ ಇವೆ."

"ಅಂದ್ರೆ ನಾಕಾಳ್ನಲ್ಲಿ ಒಬ್ಬ ಕೈ ಕಟ್ಕಂಡ್ ಕೂತವ್ನೆ."

"ಹೂಂ."

"ನನ್ ಸೈಟ್ನಲ್ಲಿ?"

ಅವರ ಮುಖ ಕೆಂಪಾಯಿತು. ಕೆಲಸಕ್ಕೆ ಬಂದು ಸುಮ್ಮನೆ ಕೂತ ಆಳನ್ನು ಮಾವ ಎಂದೂ ಸಹಿಸಿದವರಲ್ಲ. "ಮಾತ್ರೆ ಕೊಟ್ರೆ ಎದ್ದನಾ ಅವ್ನು?"

"ಎದ್ರೂ ಏಳಬಹುದು ಮಾವ. ಏಳದಿದ್ರೂ, ಮಿಕ್ಕ ಮೂರು ಜನ ಸುಸ್ತಾಗಿ ಬೀಳಬಾರ್ದಲ್ಲ. ಮಾತ್ರೆ ಅದಕ್ಕೇ."

"ಇದ್ನ ಆ ಡಾಕ್ಟ್ರು ಮೊದ್ಲೇ ಹೇಳಾದಲ್ವಾ!" ಎಂದು ಮಾವ ಸಿಡುಕಿದರು. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಸೆರಗಿನಿಂದ ಕಾಲು ಒರೆಸಿಕೊಂಡರು.

ಅವರಿಬ್ಬರೂ ಹಂಗಳದ ಬಸ್ ಹತ್ತಿದ ಮೇಲೆ ನಾನು ಲ್ಯಾಬ್ ತೊಳೆಸಿದೆ. ಅಟೆಂಡರು ತಟ್ಟೆಯಲ್ಲಿದ್ದ ಪಟ್ಟಿಗಳನ್ನು ನೋಡುತ್ತ ನಿಂತಿದ್ದರು. "ಇದ್ನ ಏನ್ ಮಾಡೀರಿ ಮೇಡಮ್ನೋರೆ?" ಗುಂಡಿ ತೋಡಿ ಹೂತುಬಿಡಿ ಎಂದೆ. "ಬೆಂದದೆ," ಎಂದರು ಅವರು ವ್ಯಥೆಯಿಂದ. ಕಾಲೇಜಿನ ಹಿಂದೆ ಗುಂಡಿ ತೋಡಿದ ಗುರುತು ನನಗೆ ಕಾಣಲಿಲ್ಲ. ನಾನೂ ಕೇಳಲಿಲ್ಲ.

ಮಾರನೆಯ ದಿನದಿಂದ ಮಾವ ಮಾತ್ರೆ ನುಂಗಿದರು. ಅದೂ ಸುಮ್ಮನೆ ಅಲ್ಲ. ನೀರು ಕುಡಿದು, ಎದೆಯ ಎಡಗಡೆ ಅಂಗೈಯಿಂದ ಎರಡು ಸಲ ತಟ್ಟಿ, "ಏಳ್ಲಾ, ಬಿಸ್ಲು ನೆತ್ತಿಗ್ ಬಂತು" ಎಂದು ಗದರುವರು. ಅತ್ತೆಗೆ ಇದು ಮಾತ್ರೆ ಉಗುಳುವುದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಊರಿನಲ್ಲಿ ಪ್ರಚಾರವೂ ಬದಲಾಯಿತು. ಕ್ಷೌರದ ಅಂಗಡಿಯಲ್ಲಿ ಕ್ಷೌರಿಕರ ಟವೆಲ್ಲನ್ನೇ ನೆನೆಸಿ, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಯ ಕೈಗೆ ಒಂದು ತುದಿ ಕೊಟ್ಟು, "ಎದ್ರು ಕಡೀಕೆ ತಿರುಗ್ಸು, ನಾ ಮಾಡ್ದಂಗೆ ಮಾಡ್ಬ್ಯಾಡ" ಎಂದು ಪಾಠ ಮಾಡುತ್ತಿದ್ದರಂತೆ. ಅಂಗಡಿಯ ನೆಲ ಒಣಗುತ್ತಿರಲಿಲ್ಲವಂತೆ.

ಹರದನಹಳ್ಳಿಯ ಗೆಳೆಯರು ಈ ನಡುವೆ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಆದರೆ ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆ ಕಡೆಗೂ ಬಂದಿರಲಿಲ್ಲ. ಮಾವನೇ ಹುಡುಕಿಕೊಂಡು ಹೋಗಿ ಕೇಳಿದಾಗ ತಲೆ ತಗ್ಗಿಸಿ, "ನಂದು ಎಲ್ಲಾ ಕಡೀಕೂ ಚೆಂದಾಗಿ ಅಲ್ಲಾಡ್ತದಂತೆ ಕಣ್ಲಾ" ಎಂದು ಒಪ್ಪಿಕೊಂಡರಂತೆ. ಮಾವ ಅವರ ಬೆನ್ನು ತಟ್ಟಿ, ಅಲ್ಲಾಡುವುದೇ ಒಳ್ಳೆಯದು ಎಂದು ವಿವರಿಸಿ, ಬಾಳೆಮಂಡಿಯಲ್ಲಿ ಗೋಣಿತಾಟು ನೆನೆಸಿ ಹಿಂಡಿ ತೋರಿಸಿದರು. ಗೆಳೆಯರಿಗೆ ಹೋದ ಜೀವ ಬಂದಷ್ಟೇ ಸಂತೋಷವಾಯಿತು, ಆದರೆ ಈ ಸಲ ಗೆದ್ದದ್ದು ತಾನು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತಂತೆ.

ಕೆಲವು ತಿಂಗಳ ಮೇಲೆ ಮತ್ತೆ ಎಕೋ ಮಾಡಿಸಬೇಕಾಯಿತು. ಈ ಸಲ ಮಾವ ಮಗನನ್ನು ಬೇಡ ಎಂದರು. "ಅವ್ನಿಗೇನ್ ಗೊತ್ತಾದದು, ನೀನೇ ಬಾರವ್ವ." ಹೀಗೆ ನಾನು ಮೊದಲ ಸಲ ಬದುಕಿರುವ ಗುಂಡಿಗೆಯನ್ನು ನೋಡಿದೆ.

ಕೋಣೆ ಕತ್ತಲಾಗಿತ್ತು. ಮಾವ ಎಡಮಗ್ಗುಲಾಗಿ ಮಲಗಿದ್ದರು, ಜೆಲ್ ತಣ್ಣಗಿದೆ ಎಂದು ಗೊಣಗುತ್ತಿದ್ದರು. ಟೀವಿಯಲ್ಲಿ ಕಪ್ಪು ಬಿಳುಪಿನಲ್ಲಿ ಅದು ಬಡಿಯುತ್ತಿತ್ತು. ಡಾಕ್ಟರು ಅಡ್ಡಸೀಳಿನ ಚಿತ್ರ ಹಿಡಿದಾಗ ಎಡಕೋಣೆ ಒಂದು ಉಂಗುರದಂತೆ ಕಂಡಿತು. ಪ್ರತಿ ಬಡಿತಕ್ಕೂ ಉಂಗುರದ ಗೋಡೆ ಒಳಮುಖವಾಗಿ ದಪ್ಪವಾಗುತ್ತಿತ್ತು, ನಡುವಿನ ಕಪ್ಪು ಜಾಗ ಚಿಕ್ಕದಾಗುತ್ತಿತ್ತು, ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಕಡೆ ಮಾತ್ರ ಅಷ್ಟು ದಪ್ಪವಾಗುತ್ತಿರಲಿಲ್ಲ, ಮಿಕ್ಕವುಗಳ ಹಿಂದೆ ಸೋಮಾರಿಯಂತೆ ಎಳೆಸಿಕೊಂಡು ಬರುತ್ತಿತ್ತು. ಹೋದ ಸಲಕ್ಕಿಂತ ವಾಸಿ ಎಂದರು ಡಾಕ್ಟರು. ತುದಿಯನ್ನು ತೋರಿಸಿ, ಇಲ್ಲಿ ತಿರುಗುವುದು ಕಾಣುತ್ತದೆ ನೋಡಿ ಎಂದರು. ಕಂಡಿತು. ತುದಿ ಒಂದಿಷ್ಟು ಹೊರಳಿ, ಹಿಂಡಿ, ಬಿಡುತ್ತಿತ್ತು. ಆ ಮನುಷ್ಯ ಮಲಗಿರಲಿ, ಜಗಳವಾಡುತ್ತಿರಲಿ, ಮಾತ್ರೆ ಉಗುಳುತ್ತಿರಲಿ, ಅದು ಮಾತ್ರ ಅವರು ಹುಟ್ಟುವುದಕ್ಕೂ ಮೊದಲಿನಿಂದ ಹಿಂಡುತ್ತಲೇ ಇತ್ತು. ನನ್ನ ಕಣ್ಣು ತುಂಬಿ ಚಿತ್ರ ಮಸುಕಾಯಿತು.

"ಯಾಕವ್ವ, ಮಾತೇ ಇಲ್ಲ?" ಎಂದರು ಮಾವ ಮಲಗಿದಲ್ಲಿಂದಲೇ.

"ನೋಡ್ತಾ ಇದೀನಿ ಮಾವ."

ಮಾವ ಡಾಕ್ಟರ ಕಡೆಗೆ ಕತ್ತು ತಿರುಗಿಸಿ, "ಕೂತಿರೋನು ಒಳಗಿನ್ ಎಳೆಯೋನೋ, ಹೊರಗಿನೋನೋ?" ಎಂದು ಕೇಳಿದರು. ಡಾಕ್ಟರು ಕೈ ನಿಲ್ಲಿಸಿ ಒಂದು ಕ್ಷಣ ಅವರನ್ನೇ ನೋಡಿದರು. ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಒಳಪದರಕ್ಕೆ ಎಂದು ಹೇಳಿ, ಆಮೇಲೆ ನನ್ನ ಕಡೆ ತಿರುಗಿ, ಇವರು ಏನು ಓದಿದ್ದಾರೆ ಎಂದು ಮೆಲ್ಲಗೆ ಕೇಳಿದರು.

ಮಾವ ಆಮೇಲೆಯೂ ಹಲವು ವರ್ಷ ಚೆನ್ನಾಗಿಯೇ ಇದ್ದರು. ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಸಿಗದೆ ಇಬ್ಬರೂ ಒಂದೇ ಸೀಟಿನಲ್ಲಿ ಕೂರಬೇಕಾಯಿತು. ನಮ್ಮ ಮನೆಗಳಲ್ಲಿ ಮಾವ ಸೊಸೆ ಹಾಗೆ ಕೂರುವುದಿಲ್ಲ. ಅವರು ಸೀಟಿನ ತುದಿಗೆ ಸರಿದು, ನನ್ನ ಅವರ ನಡುವೆ ರಿಪೋರ್ಟಿನ ಚೀಲ ಇಟ್ಟುಕೊಂಡು ಬಿಗಿಯಾಗಿ ಕೂತಿದ್ದರು. ನಂಜನಗೂಡು ದಾಟುವಷ್ಟರಲ್ಲಿ ತೂಕಡಿಕೆ ಬಂತು. ಕವಲಂದೆಯ ಹೊತ್ತಿಗೆ ಅವರ ತಲೆ ನನ್ನ ಹೆಗಲ ಮೇಲಿತ್ತು. ಹೆಗಲು ನೋಯತೊಡಗಿದರೂ ನಾನು ಅಲ್ಲಾಡಲಿಲ್ಲ. ಚಾಮರಾಜನಗರ ಬಂದಾಗ ಕಂಡಕ್ಟರು ಕೂಗಿದ ಸದ್ದಿಗೆ ಅವರು ಗಡಬಡಿಸಿ ಎದ್ದು, ಟವೆಲ್ಲು ಕೊಡವಿ, ನನ್ನ ಮುಖ ನೋಡದೆ ಇಳಿದರು. ಮನೆಗೆ ಹೋಗಿ ಅತ್ತೆಯ ಹತ್ತಿರ, "ನಿನ್ ಸೊಸೆ ದಾರಿ ಉದ್ದುಕ್ಕೂ ನಿದ್ದೆ ಹೊಡುದ್ಲು" ಎಂದರು.